ತೂತಿನ ಬೆಲೆ

ಎಲ್ಲರ ಮನೆಯ ದೋಸೆಯೂ ತೂತೇ ಎಂದು ಗಾದೆ. ತೂತೆಂದರೆ ಕುಂದು, ಕೊರತೆ, ನಾಲ್ಕು ಜನರ ಕಣ್ಣಿಗೆ ಬೀಳದಂತೆ ಮುಚ್ಚಿಡಬೇಕಾದ ಸಂಗತಿ ಎಂಬುದು ಲೋಕದ ತಿಳಿವಳಿಕೆ. ಅಂಚೆಚೀಟಿ ಕೂಡಿಸುವವನು ಚೀಟಿಯ ಅಂಚಿನ ಒಂದು ಹಲ್ಲು ಮುರಿದಿದ್ದರೂ ಮುಖ ಸಿಂಡರಿಸುತ್ತಾನೆ. ಯಾವಳೋ ಅಜ್ಜಿ ಕೊರಳ ಸರಕ್ಕೆ ಪೋಣಿಸಲೆಂದು ತೂತು ಕೊರೆಸಿದ ಬೆಳ್ಳಿಯ ರೂಪಾಯಿ ಕೈಗೆ ಬಂದರೆ ನಾಣ್ಯ ಕೂಡಿಸುವವನಿಗೆ ಹೊಟ್ಟೆಯುರಿ. ಹೀಗಿರುವಲ್ಲಿ, ತೂತು ಬಿದ್ದ ಕಾಗದಗಳನ್ನೇ ಊರೂರು ಅಲೆದು ಹುಡುಕಿ, ಹಣ ಕೊಟ್ಟು ಕೊಂಡು, ಆಲ್ಬಮ್ಮಿನಲ್ಲಿ ಅಂಟಿಸಿಟ್ಟುಕೊಳ್ಳುವ ಜನರೂ ಇದ್ದಾರೆಂದರೆ ನಂಬುವುದು ಕಷ್ಟ. ಆದರೆ ಇದ್ದಾರೆ, ಇಂಗ್ಲೆಂಡಿನಲ್ಲಿ ಅವರದೊಂದು ಚಿಕ್ಕ ಕುಲವೇ ಉಂಟು.

ಅವರು ಕೂಡಿಸುವುದು ಹಳೆಯ ಗಾಳಿಕೋವಿಯ ಗುರಿಚೀಟಿಗಳನ್ನು. ಗಾಳಿಕೋವಿ ಎಂದರೆ ಏರ್ ಗನ್. ಕನ್ನಡನಾಡಿನ ಜಾತ್ರೆಗಳಲ್ಲಿ ಹಲಗೆಗೆ ಸಾಲಾಗಿ ಕಟ್ಟಿದ ಬಣ್ಣದ ಬಲೂನುಗಳನ್ನು ಒಡೆಯಲು ಬಾಡಿಗೆಗೆ ಕೊಡುತ್ತಾರಲ್ಲ, ಅದೇ. ಅದಕ್ಕೆ ಮದ್ದು ಬೇಡ, ಬೆಂಕಿ ಬೇಡ. ಉಕ್ಕಿನ ಸ್ಪ್ರಿಂಗನ್ನು ಹಿಂದಕ್ಕೆಳೆದು ಬಿಗಿದು ಬಿಟ್ಟರೆ ಅದು ಕೊಂತವನ್ನು ಮುಂದಕ್ಕೆ ನೂಕುತ್ತದೆ. ಕೊಂತ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ಸೀಸದ ಪುಟ್ಟ ಗುಂಡನ್ನು ನಳಿಗೆಯಿಂದ ಹೊರದೂಡುತ್ತದೆ. ಗುರಿಯೆಂದು ಇಡುವುದು ಅಂಗೈಯಗಲದ ದಪ್ಪ ಕಾಗದ. ಅದರ ಮೇಲೆ ಒಂದರೊಳಗೊಂದು ಬರೆದ ವೃತ್ತಗಳು, ನಡುವೆ ಕಪ್ಪು ಬೊಟ್ಟು. ಕೆಲವು ಚೀಟಿಗಳ ಅಡಿಯಲ್ಲಿ ಹೆಸರು, ದಿನಾಂಕ, ಗಳಿಸಿದ ಅಂಕ ಎಂದು ಮೂರು ಗೆರೆ. ಹೊಡೆದು ಮುಗಿದ ಮೇಲೆ ಒಲೆಗೆ ಹಾಕಬೇಕಾದ ಕಾಗದ ಅದು. ಆದರೂ ಎಲ್ಲೋ ಒಬ್ಬ ಹುಡುಗ ಹಾಕಲಿಲ್ಲ. ಪುಸ್ತಕದ ನಡುವೆ ಇಟ್ಟ. ಐವತ್ತು ಅರವತ್ತು ವರ್ಷಗಳ ಬಳಿಕ ಅದು ಅಟ್ಟದಿಂದ ಇಳಿದು, ಹಳೆಯ ಸಾಮಾನಿನ ಸಂತೆಗೆ ಬಂದು, ತಲೆ ನರೆತ ಇನ್ನೊಬ್ಬ ಹುಡುಗನ ಕೈಸೇರುತ್ತದೆ.

ಚೀಟಿಯ ಜೊತೆಗೆ ಬೇರೆ ಸಾಮಗ್ರಿಯೂ ಉಂಟು. ಸೀಸದ ಗುಂಡು ತುಂಬಿ ಬರುತ್ತಿದ್ದ ದುಂಡನೆಯ ತಗಡಿನ ಡಬ್ಬಿಗಳು; ಬಾಲಕ್ಕೆ ಕೆಂಪು, ಹಸುರು, ಹಳದಿಯ ಕೂದಲು ಕಟ್ಟಿದ ಮೊಳೆಯಂಥ ಬಾಣಗಳು; ಹೊಡೆದರೆ ಹಿಂದಕ್ಕೆ ಮಗುಚಿ ಬಿದ್ದು, ದಾರ ಎಳೆದರೆ ಮತ್ತೆ ಎದ್ದು ನಿಲ್ಲುವ ತಗಡಿನ ಹಕ್ಕಿಗಳು; ಬೆಲೆಪಟ್ಟಿಗಳು. ಸರೀ ಸೀಮೆಯ ಹ್ಯಾರಿಂಗ್ಟನ್ ಕಂಪನಿಯವರು 1937ರಿಂದ ಮಾಡಿ ಮಾರುತ್ತಿದ್ದ 'ಗ್ಯಾಟ್' ಎಂಬ ಪಿಸ್ತೂಲಿನ ರಟ್ಟಿನ ಪೆಟ್ಟಿಗೆಗೆ ಇವರಲ್ಲಿ ವಿಶೇಷ ಮರ್ಯಾದೆ. ಅದರ ನಳಿಗೆಯನ್ನು ಒಳಕ್ಕೆ ಒತ್ತಿ ಸಿಕ್ಕಿಸಿ ಟ್ರಿಗರ್ ಎಳೆದರೆ, ಗುಂಡಿನ ಜೊತೆಗೆ ನಳಿಗೆಯೂ ಟಣ್ಣನೆ ಮುಂದಕ್ಕೆ ಚಿಮ್ಮುತ್ತಿತ್ತು. ಇಂಥದರಿಂದ ಗುರಿ ಮುಟ್ಟುವುದು ಪೂರ್ವಜನ್ಮದ ಪುಣ್ಯ. ಅದರಿಂದ ಏನನ್ನಾದರೂ ಬೇಕೆಂದೇ ಹೊಡೆದು ಬೀಳಿಸಿದೆವೆಂದು ಹೇಳಿಕೊಳ್ಳುವವರ ಮಾತನ್ನು ಸ್ವಲ್ಪ ಸೋಸಿ ಕೇಳುವುದು ಒಳ್ಳೆಯದು.

ಈ ಹುಚ್ಚಿನ ತವರು ಬರ್ಮಿಂಗ್‌ಹ್ಯಾಮ್ ನಗರ. ಅಲ್ಲಿಯ ಬಂದೂಕು ಕಸುಬುದಾರರು ಸೇರಿ 1861ರಲ್ಲಿ ಕಟ್ಟಿದ ಬಿ.ಎಸ್.ಎ. ಕಂಪನಿ ಸೈನ್ಯಕ್ಕೆ ಬಂದೂಕು ಒದಗಿಸುತ್ತಿತ್ತು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧ 1902ರಲ್ಲಿ ಮುಗಿದಾಗ ಅಂಥ ಬಂದೂಕಿಗೆ ಬೇಡಿಕೆ ಇಳಿಯಿತು. ಲಿಂಕನ್ ಜೆಫ್ರೀಸ್ ಎಂಬ ಅದೇ ಊರಿನ ಬಂದೂಕು ಕಸುಬುದಾರ 1904ರಲ್ಲಿ ಒಂದು ಉತ್ತಮವಾದ ಗಾಳಿಕೋವಿಗೆ ಹಕ್ಕುಪತ್ರ ಪಡೆದಿದ್ದ. 1905ರಿಂದ ಅದನ್ನು ಬಿ.ಎಸ್.ಎ. ಕಾರ್ಖಾನೆ ತಯಾರಿಸತೊಡಗಿತು. ಅದುವರೆಗೆ ಮಕ್ಕಳ ಆಟಿಕೆಯಾಗಿದ್ದ ವಸ್ತು ದೊಡ್ಡವರ ಕೈಗೂ ಬಂದಿತು. ಯುದ್ಧದಲ್ಲಿ ಬೋಯರ್ ರೈತರ ಗುರಿಯ ಮುಂದೆ ತಮ್ಮ ಸೈನಿಕರ ಗುರಿ ಸಪ್ಪೆಯೆನಿಸಿದ ಮೇಲೆ, ಸಾಮಾನ್ಯ ಜನರೂ ಗುರಿ ಕಲಿಯಲಿ ಎಂಬ ಉತ್ಸಾಹ ಆ ದೇಶದಲ್ಲಿ ಎದ್ದಿತ್ತು. ಆ ಉತ್ಸಾಹ ಕೊನೆಗೆ ಬಂದು ನೆಲಸಿದ್ದು ಪಾನಗೃಹಗಳಲ್ಲಿ!

ಪಾನಗೃಹದ ಗುರಿ ಕಾಗದದ್ದಲ್ಲ, ಉಕ್ಕಿನ ತಟ್ಟೆ. ತಟ್ಟೆಯ ನಡುವೆ ಒಂದು ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟು ಅಗಲದ ತೂತು. ತೂತಿನ ಹಿಂದೆ ಒಂದು ಗಂಟೆ. ಆರು ಗಜ ದೂರದಿಂದ ಹೊಡೆದ ಗುಂಡು ತೂತಿನಲ್ಲಿ ಹಾದರೆ ಗಂಟೆ ಠಣ್ಣೆನ್ನುತ್ತದೆ. ತಪ್ಪಿದರೆ ತಟ್ಟೆಗೆ ಬಳಿದ ಬಿಳಿಯ ಲೇಪದ ಮೇಲೆ ಬೂದುಬಣ್ಣದ ಕಲೆ ಬೀಳುತ್ತದೆ. ಕಲೆಯನ್ನು ನೋಡಿ ಅಂಕ ಹಾಕಿ, ಕುಂಚದಿಂದ ಮತ್ತೆ ಬಿಳಿ ಬಳಿದು, ಮುಂದಿನವನಿಗೆ ಜಾಗ ಬಿಡುತ್ತಾರೆ. ದಿನವೆಲ್ಲ ಕಾರ್ಖಾನೆಯಲ್ಲಿ ದುಡಿದ ಜನ ಸಂಜೆ ಬಿಯರಿನ ಲೋಟವನ್ನು ಪಕ್ಕಕ್ಕಿಟ್ಟು ಈ ಗಂಟೆ ಬಾರಿಸಲು ಸ್ಪರ್ಧೆ ಹೂಡುತ್ತಿದ್ದರು. ಕೆಲವು ಊರುಗಳಲ್ಲಿ ಆ ಸ್ಪರ್ಧೆ ಇಂದಿಗೂ ಉಳಿದಿದೆ. ಸಂಗ್ರಾಹಕನಿಗೆ ಮಾತ್ರ ಈ ಗುರಿ ನಿರಾಶೆಯ ವಸ್ತು. ಎಷ್ಟು ಸಂಜೆಗಳ ತಪ್ಪುಗಳು ಆ ತಟ್ಟೆಯ ಮೇಲೆ ಬಿದ್ದು ಅಳಿಸಿಹೋದವೋ! ಕೊಂಡು ತಂದ ತಟ್ಟೆ ಗೋಡೆಯ ಮೇಲೆ ಮೂಕವಾಗಿ ನೇತಾಡುತ್ತದೆ. ಕಾಗದ ಹಾಗಲ್ಲ, ಅದು ಒಮ್ಮೆ ಬಿದ್ದ ಪೆಟ್ಟನ್ನು ಮರೆಯುವುದಿಲ್ಲ.

ಹುಡುಗನ ಕೈಗೆ ಗಾಳಿಕೋವಿ ಬರುವುದು ಹುಟ್ಟುಹಬ್ಬಕ್ಕೆ, ಇಲ್ಲವೆ ಕ್ರಿಸ್‌ಮಸ್ಸಿಗೆ. ಮೊದಲ ದಿನ ಅವನಿಗೂ ಸ್ಪ್ರಿಂಗಿಗೂ ಮಲ್ಲಯುದ್ಧ. ಹಿಡಿಯನ್ನು ತೊಡೆಗೆ ಆನಿಸಿ, ಎರಡೂ ಕೈಯಿಂದ ನಳಿಗೆಯನ್ನು ಜಗ್ಗಿ, ಮುಖ ಕೆಂಪಗಾದ ಮೇಲೆ ಒಳಗೆಲ್ಲೋ 'ಕಟಕ್' ಎನ್ನುತ್ತದೆ. ಆ ಶಬ್ದ ಕೇಳಿದವನು ಅಂದಿನಿಂದ ಚಿಕ್ಕ ಮಗುವಲ್ಲ. ಹೊಸ ಕೋವಿಯ ಒಳಗಿನ ಎಣ್ಣೆ ಬಿಸಿಯಾದ ಗಾಳಿಗೆ ಸ್ವಲ್ಪ ಸುಟ್ಟು, ನಳಿಗೆಯ ತುದಿಯಿಂದ ತೆಳ್ಳನೆಯ ಹೊಗೆಯೂ ಒಂದು ಬಗೆಯ ಕಮಟು ವಾಸನೆಯೂ ಬರುತ್ತವೆ. ಮುದುಕನಾದ ಸಂಗ್ರಾಹಕ ಹರಾಜಿನಲ್ಲಿ ಕೊಂಡ ಹಳೆಯ ಕೋವಿಯನ್ನು ಮೊದಲು ಮೂಗಿಗೆ ಹಿಡಿಯುವುದು ಇದಕ್ಕಾಗಿಯೇ. ನೋಡುವವರಿಗೆ ನಗೆ; ಅವನಿಗೆ ಒಂದು ಕ್ಷಣ ತಂದೆ ಬದುಕಿ ಬರುತ್ತಾನೆ, ಹಿತ್ತಿಲ ಗುಡಿಸಲಿನ ಬಾಗಿಲಿಗೆ ನಾಲ್ಕು ಮೊಳೆ ಹೊಡೆದು ಚೀಟಿ ಸಿಕ್ಕಿಸುತ್ತಾನೆ, ಹುಡುಗನ ಹಿಂದೆ ಬಂದು ಮಂಡಿಯೂರಿ ಕುಳಿತು ಉಸಿರು ಬಿಗಿಹಿಡಿ ಎಂದು ಕಿವಿಯಲ್ಲಿ ಹೇಳುತ್ತಾನೆ.

ಬಲ್ಲವನಿಗೆ ತೂತು ಒಂದು ಓಲೆ. ಗುಂಡಿನ ಮೂತಿ ಚಪ್ಪಟೆಯಾಗಿದ್ದರೆ ಕಾಗದ ಒತ್ತಿ ಕತ್ತರಿಸಿದಂತೆ ದುಂಡಗೆ ತೂತಾಗುತ್ತದೆ. ಮೂತಿ ಗುಂಡಗಿದ್ದರೆ ಅಂಚು ಹರಿದು ನಕ್ಷತ್ರದಂತೆ ಬಿರಿಯುತ್ತದೆ. ಬಾಣವಾದರೆ ಮೊಳೆ ಚುಚ್ಚಿದ ಗುರುತು. ನಾಲ್ಕೂವರೆ ಮಿಲಿಮೀಟರಿನ ನಳಿಗೆಯೋ ಐದೂವರೆ ಮಿಲಿಮೀಟರಿನದೋ ಎಂಬುದನ್ನು ಅಳತೆಯೇ ಹೇಳುತ್ತದೆ. ಗುಂಡಿನ ಆಕಾರ ಶಿವನ ಡಮರುವಿನದು: ಎರಡು ಕಡೆ ಅಗಲ, ನಡು ಸಣ್ಣ. ಹಿಂಬದಿ ಟೊಳ್ಳಾದುದರಿಂದ ಭಾರವೆಲ್ಲ ಮುಂದಿದ್ದು, ಅದು ತಲೆತಿರುಗದೆ ನೇರ ಹೋಗುತ್ತದೆ. ಇನ್ನು ತೂತುಗಳ ಹರವನ್ನು ನೋಡಿದರೆ ಹೊಡೆದವನ ಕೈಬರಹವೇ ಕಂಡೀತು. ಐದೂ ಬಲಗಡೆ ಕೆಳಗೆ ಗುಂಪಾಗಿದ್ದರೆ ಕಣ್ಣು ಸರಿ, ಬೆರಳು ಅವಸರದ್ದು. ನಾಲ್ಕು ನಡುವೆ ಬಿದ್ದು ಐದನೆಯದು ಚೀಟಿಯ ಮೂಲೆಗೆ ಹೋಗಿದ್ದರೆ, ನಾಲ್ಕರ ಸಂತೋಷವೇ ಐದನೆಯದನ್ನು ಕೆಡಿಸಿತು. ಪೆನ್ಸಿಲಿನಲ್ಲಿ ಮೊದಲು 41 ಎಂದು ಬರೆದು, ಹೊಡೆದುಹಾಕಿ, 43 ಎಂದು ತಿದ್ದಿದ್ದರೆ ಅಲ್ಲಿ ತಾಯಿಯೊಬ್ಬಳು ಪಂಚಾಯ್ತಿಗೆ ಬಂದಿರಬೇಕು.

ಇಷ್ಟಾದರೂ ಪೇಟೆಯ ಬೆಲೆ ಬೇರೆಯೇ. ಮಾರುವವನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಒಂದೂ ಗುಂಡು ತಾಗದ, ಕಟ್ಟು ಬಿಚ್ಚದ ಹೊಸ ಚೀಟಿಯ ಕಂತೆ. ಮುದ್ರೆ ಒಡೆಯದ ಡಬ್ಬಿ. ಹಾಗೆಂದರೆ ಯಾವ ಹುಡುಗನೂ ಮುಟ್ಟದ ಬಾಲ್ಯ! ಇದರ ಮೇಲೆ ಸಂಗ್ರಾಹಕರಲ್ಲಿ ಎರಡು ಪಂಗಡ. ಒಬ್ಬರದು ಅಚ್ಚಿನ ಅಂದ, ಬಣ್ಣದ ಹೊಳಪು, ಯಾವ ವರ್ಷದ್ದೆಂಬ ಶಾಸ್ತ್ರ. ಇನ್ನೊಬ್ಬರದು ತೂತು. ಎರಡನೆಯವರ ಪಾಡು ಹೆಚ್ಚು ಕರುಣಾಜನಕವೆಂದೇ ಹೇಳಬೇಕು. ತಾವು ಹೊಡೆದ ಚೀಟಿಗಳನ್ನು ಮನೆ ಬದಲಿಸುವಾಗಲೋ ತಾಯಿ ಅಟ್ಟ ಗುಡಿಸುವಾಗಲೋ ಕಳೆದುಕೊಂಡು, ಈಗ ಗುರುತಿಲ್ಲದ ಯಾವನೋ ಹುಡುಗನ ತೂತುಗಳಿಗೆ ಹಣ ತೆತ್ತು ಅದರಲ್ಲಿ ತಮ್ಮ ಹಿತ್ತಿಲನ್ನು ನೋಡುತ್ತಾರೆ. ಆದರೂ ಅವರದೇ ಸರಿಯಾದ ದಾರಿ. ಹೊಡೆಯದ ಗುರಿ ಬರಿಯ ಅಚ್ಚು ಮಾಡಿದ ಕಾಗದ. ಹೊಡೆದದ್ದು ಒಂದು ಮಧ್ಯಾಹ್ನ.

ಮುಂದಿನ ಕಾಲದ ಸಂಗ್ರಾಹಕನಿಗೆ ಆ ಭಾಗ್ಯವೂ ಇರಲಾರದು. 2008ರಲ್ಲಿ ಬೀಜಿಂಗಿನ ಒಲಿಂಪಿಕ್ ಕ್ರೀಡೆಯಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಗಾಳಿಕೋವಿಯ ಸ್ಪರ್ಧೆಯಲ್ಲಿ ಚಿನ್ನ ಗೆದ್ದು, ಒಂಟಿಯಾಗಿ ಸ್ಪರ್ಧಿಸಿ ಒಲಿಂಪಿಕ್ ಚಿನ್ನ ತಂದ ಮೊದಲ ಭಾರತೀಯರಾದರು. ಆ ಸ್ಪರ್ಧೆಯ ಗುರಿಯ ನಟ್ಟನಡುವಿನ ಬೊಟ್ಟು ಅರ್ಧ ಮಿಲಿಮೀಟರಿನದು. ಗುಂಡೇ ಅದಕ್ಕಿಂತ ಒಂಬತ್ತು ಪಟ್ಟು ಅಗಲ. ಬಿಂದ್ರಾ ಹೊಡೆದ ಕೊನೆಯ ಗುಂಡಿಗೆ 10.8 ಅಂಕ ಬಂದಿತು. ಆದರೆ ಅದನ್ನು ಅಳೆದದ್ದು ವಿದ್ಯುತ್ ಯಂತ್ರ; ಪರದೆಯ ಮೇಲೆ ಒಂದು ಚುಕ್ಕೆ ಮೂಡಿಸಿ ಅಂಕ ತೋರಿಸಿತು. ಅಣ್ಣನ ಚೀಟಿಗೆ ತಂಗಿ ಅಸೂಯೆಯಿಂದ ಬೆರಳು ತೂರಿಸಿ ತೂತು ದೊಡ್ಡದು ಮಾಡುವ ಸಂಭವವೇ ಅಲ್ಲಿಲ್ಲ.

ಇದೆಲ್ಲ ಸರಿಯೆ. ಆದರೆ ಈ ಸಂಗ್ರಹಗಳ ಮುಂದೆ ಕುಳಿತು ಯಾರಾದರೂ ಕೂಡುವ ಕಳೆಯುವ ಲೆಕ್ಕಕ್ಕೆ ತೊಡಗಿದರೆ ಒಂದು ಕಸಿವಿಸಿ ಹುಟ್ಟುತ್ತದೆ. ಒಂದು ಡಬ್ಬಿಯಲ್ಲಿ ಐನೂರು ಗುಂಡು. ಒಬ್ಬ ಹುಡುಗನ ಚೀಟಿಗಳೆಲ್ಲ ಸೇರಿ ತೂತುಗಳು ನೂರೆಂದೇ ಇಟ್ಟುಕೊಳ್ಳೋಣ. ಹಿತ್ತಿಲ ಬಾಗಿಲಿಗೆ, ಬೇಲಿಯ ಕಂಬಕ್ಕೆ, ಖಾಲಿ ಡಬ್ಬಗಳಿಗೆ ಇನ್ನೂರು. ಮಿಕ್ಕವು ಎಲ್ಲಿಗೆ ಹೋದವು?

ಸಂಗ್ರಾಹಕ ಇದಕ್ಕೆ ಕೂಡಲೇ ಉತ್ತರ ಕೊಡುವುದಿಲ್ಲ, ಕನ್ನಡಕ ಒರೆಸುತ್ತಾನೆ. ಉತ್ತರ ಅವನಿಗೆ ಗೊತ್ತು. ಗಾಳಿಕೋವಿ ಹಿಡಿದ ಹುಡುಗ ಕಾಗದದಿಂದ ಕಣ್ಣೆತ್ತಿ ಮಾಡಿನ ಅಂಚನ್ನು ನೋಡದೆ ಇರುವುದು ಅಪರೂಪ. ಮಾಡಿನ ಅಂಚಿನಲ್ಲಿ ಗುಬ್ಬಚ್ಚಿ ಕುಳಿತಿರುತ್ತದೆ. ಕಾಗದದ ಗುರಿ ಹುಟ್ಟಿದ್ದರ ಒಂದು ಉದ್ದೇಶವೇ ಆ ಕಣ್ಣನ್ನು ಕೆಳಕ್ಕೆ ಇಳಿಸುವುದಾಗಿತ್ತೋ ಏನೋ. ಆದರೆ ಕೋವಿಯನ್ನು ಮಾರುವವರು ಒಂದು ಕೈಯಿಂದ ಚೀಟಿ ಕೊಟ್ಟು ಇನ್ನೊಂದು ಕೈಯಿಂದ ತಗಡಿನ ಹಕ್ಕಿಯನ್ನೂ ಕೊಟ್ಟರು. ಜರ್ಮನಿಯ ರಾಸ್ಟಾಟ್ ಊರಿನಲ್ಲಿ 1890ರಲ್ಲಿ ತೊಡಗಿದ ಕಾರ್ಖಾನೆಯೊಂದರ ಗಾಳಿಕೋವಿಗಳಿಗೆ ರೋಮನ್ನರ ಬೇಟೆದೇವತೆ ಡಯಾನಳ ಹೆಸರು. ಅದರ ಮುದ್ರೆಯಲ್ಲಿ ದೇವಿ ಬಿಲ್ಲುಬಾಣಗಳನ್ನು ಕಾಲಬಳಿ ಬಿಸುಟು ಗಾಳಿಕೋವಿಯನ್ನು ಮೇಲೆತ್ತಿ ಹಿಡಿದಿದ್ದಾಳೆ. ಬೇಟೆಯ ದೇವಿ ಕಾಗದ ಹೊಡೆಯಲಿಕ್ಕೆ ಕೋವಿ ಎತ್ತಿದಳೆಂದು ಯಾವ ಹುಡುಗ ನಂಬಿಯಾನು?

ಬ್ರಿಟನ್ನಿನಲ್ಲಿ 1954ರಲ್ಲಿ ಹಕ್ಕಿಗಳ ರಕ್ಷಣೆಗೆಂದು ಕಾಯಿದೆ ಬಂದಿತು. ಆದರೆ ಕಾಗೆಯಂತೆ ಗುಬ್ಬಚ್ಚಿಯನ್ನೂ ಪೀಡೆಗಳ ಪಟ್ಟಿಗೆ ಸೇರಿಸಿ ರಕ್ಷಣೆಯಿಂದ ಹೊರಗಿಟ್ಟರು. ಅಷ್ಟೊಂದು ಇದ್ದವು ಆಗ. 2002ರಲ್ಲಿ ಅದೇ ದೇಶದ ಪಕ್ಷಿಶಾಸ್ತ್ರಜ್ಞರು ಅದೇ ಗುಬ್ಬಚ್ಚಿಯನ್ನು ಅಪಾಯದಲ್ಲಿರುವ ಹಕ್ಕಿಗಳ ಕೆಂಪುಪಟ್ಟಿಗೆ ಸೇರಿಸಿದರು. ಇದು ಹುಡುಗರ ಕೋವಿಯಿಂದ ಆದ ಹಾನಿಯೆಂದು ಯಾರೂ ಹೇಳಿಲ್ಲ. ಆದರೆ ಅರವತ್ತು ದಾಟಿದ ಸಂಗ್ರಾಹಕನಿಗೆ, ಮಾಡಿನ ಅಂಚು ಬರಿದಾಗಿರುವುದನ್ನು ನೋಡಿದಾಗ, ತನ್ನ ಪಾಲಿನ ಎರಡೋ ಮೂರೋ ಪೆಟ್ಟು ನೆನಪಿಗೆ ಬಾರದೆ ಇರುವುದಿಲ್ಲ. ಆ ಪೆಟ್ಟುಗಳಿಗೆ ಚೀಟಿಯಿಲ್ಲ. ಬೂಟಿನ ಹಿಮ್ಮಡಿಯಿಂದ ಮಣ್ಣು ಕೆದಕಿ ಮುಚ್ಚಿದ ಮೇಲೆ ಅವು ಯಾರ ಆಲ್ಬಮ್ಮಿಗೂ ಬರಲಿಲ್ಲ.

ಭಾರತದ ಈಶಾನ್ಯ ಮೂಲೆಯ ಅರುಣಾಚಲ ಪ್ರದೇಶದಲ್ಲಿ ಈ ಲೆಕ್ಕ ಬಹಿರಂಗವಾಗಿಯೇ ನಡೆಯಿತು. ಅಲ್ಲಿಯ ಕಾಡಿನ ಊರುಗಳಲ್ಲಿ ಹಕ್ಕಿ ಹೊಡೆಯುವುದು ಬಹುಕಾಲದ ವಾಡಿಕೆ; ಗಾಳಿಕೋವಿ ಮನೆಯ ಸಾಮಾನುಗಳಲ್ಲೊಂದು. 2021ರ ಮಾರ್ಚಿಯಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್ ಊರಿನಲ್ಲಿ, ಜನರು ತಾವಾಗಿಯೇ ಗಾಳಿಕೋವಿಗಳನ್ನು ಒಪ್ಪಿಸುವ ಚಳವಳಿ ತೊಡಗಿತು. ಆ ವರ್ಷದ ಕೊನೆಯ ಹೊತ್ತಿಗೆ ಒಪ್ಪಿಸಿದ ಕೋವಿಗಳ ಸಂಖ್ಯೆ 1,600 ಮೀರಿತು. ಅವುಗಳಲ್ಲಿ ತಂದೆ ಕೊಡಿಸಿದವೂ ಇದ್ದಾವು, ಮೊದಲ ಸಂಪಾದನೆಯಲ್ಲಿ ಕೊಂಡವೂ ಇದ್ದಾವು. ಇಂಗ್ಲೆಂಡಿನಲ್ಲಿ ಹಣ ಕೊಟ್ಟು ಕೂಡಿಸುವುದನ್ನು ಇಲ್ಲಿ ತಾವಾಗಿ ತಂದು ರಾಶಿ ಹಾಕಿದರು.

ಆದರೆ ಗುಬ್ಬಚ್ಚಿಯ ಲೆಕ್ಕವನ್ನು ಬರೆದೇ ಇಟ್ಟ ಹುಡುಗನೂ ಒಬ್ಬನಿದ್ದ. ಅವನು ಬೊಂಬಾಯಿಯ ಖೇತವಾಡಿಯಲ್ಲಿ, ತಂದೆತಾಯಿಯರನ್ನು ಎಳವೆಯಲ್ಲಿಯೇ ಕಳೆದುಕೊಂಡು, ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರ ಮನೆಯಲ್ಲಿ ಬೆಳೆಯುತ್ತಿದ್ದ ಸಲೀಂ ಅಲಿ. ಹುಟ್ಟಿದ್ದು 1896ರ ನವೆಂಬರ್ 12. ಹತ್ತು ವರ್ಷದ ಆಸುಪಾಸಿನಲ್ಲಿ ಅವನ ಕೈಯಲ್ಲೊಂದು ಆಟದ ಗಾಳಿಕೋವಿ. ಮನೆಯ ಲಾಯದ ಗೋಡೆಯ ಸಂದಿನಲ್ಲಿ ಗುಬ್ಬಚ್ಚಿಯ ಗೂಡು. ಹೆಣ್ಣು ಒಳಗೆ ಮೊಟ್ಟೆಯ ಮೇಲೆ, ಗಂಡು ಹೊರಗೆ ಮೊಳೆಯ ಮೇಲೆ ಕಾವಲು. ಗಾಡಿಯ ಮರೆಯಲ್ಲಿ ಹೊಂಚಿ ಕುಳಿತು ಹುಡುಗ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ಹೆಣ್ಣು ಇನ್ನೊಂದು ಗಂಡನ್ನು ಕರೆತಂದಿತು, ಅದೂ ಅದೇ ಮೊಳೆಯ ಮೇಲೆ ಕುಳಿತಿತು, ಅದನ್ನೂ ಹೊಡೆದ. ಏಳು ದಿನಗಳಲ್ಲಿ ಎಂಟು ಗಂಡುಗಳು ಹೀಗೆ ಬಿದ್ದವು. ಪ್ರತಿಸಲವೂ ಹೊಸ ಗಂಡ ಸಿದ್ಧ. ಹುಡುಗ ಇದನ್ನು ಹೆಮ್ಮೆಯೂ ಇಲ್ಲದೆ, ಕಣ್ಣೀರೂ ಇಲ್ಲದೆ, ಕಂಡದ್ದನ್ನು ಕಂಡಂತೆ ಟಿಪ್ಪಣಿ ಮಾಡಿಕೊಂಡ. ಹೊಡೆದ ಪೆಟ್ಟಿಗೆ ಲೆಕ್ಕ ಬರೆದಿಟ್ಟ ಇಂಥ ಚೀಟಿ ಯಾವ ಹರಾಜಿಗೂ ಬಂದಿಲ್ಲ.

ಅದೇ ಸುಮಾರಿಗೆ ಅವನು ಹೊಡೆದ ಇನ್ನೊಂದು ಗುಬ್ಬಿಯ ಕತ್ತಿನಲ್ಲಿ ಹಳದಿಯ ಕಲೆಯಿತ್ತು. ಇದು ದಿನದ ಗುಬ್ಬಿಯಲ್ಲವಲ್ಲ ಎಂದು ಮಾವನಿಗೆ ತೋರಿಸಿದ. ಮಾವನಿಗೂ ತಿಳಿಯದೆ, ಹುಡುಗನನ್ನು ಬೊಂಬಾಯಿಯ ನಿಸರ್ಗ ಚರಿತ್ರೆಯ ಸಂಘಕ್ಕೆ, ಅದರ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲರ್ಡ್ ಎಂಬ ಆಂಗ್ಲರ ಬಳಿಗೆ ಕಳುಹಿಸಿದರು. (ಯುದ್ಧಾನಂತರ ಡಯಾನ ಕೋವಿಗಳನ್ನು ಸ್ಕಾಟ್ಲೆಂಡಿನಲ್ಲಿ ತಯಾರಿಸಿದ 'ಮಿಲ್ಬ್ರೊ' ಕಂಪನಿಯ ಪೂರ್ಣ ಹೆಸರೂ ಮಿಲ್ಲರ್ಡ್ ಬ್ರದರ್ಸ್ ಎಂದೇ! ಹೆಸರುಗಳು ಒಮ್ಮೊಮ್ಮೆ ಹೀಗೆ ಕಣ್ಣುಮಿಟುಕಿಸುತ್ತವೆ.) ಮಿಲ್ಲರ್ಡ್ ನಗಲಿಲ್ಲ, ಗದರಿಸಲಿಲ್ಲ. ಅದು ಹಳದಿ ಕತ್ತಿನ ಗುಬ್ಬಿಯೆಂದು ಹೇಳಿ, ಬೀರುವಿನ ಖಾನೆಗಳನ್ನು ಒಂದೊಂದಾಗಿ ಎಳೆದು, ಹತ್ತಿ ತುಂಬಿ ಸಾಲಾಗಿ ಮಲಗಿಸಿದ್ದ ಹಕ್ಕಿಗಳನ್ನು ತೋರಿಸಿದರು. ಒಂದೊಂದು ಹಕ್ಕಿಯ ಕಾಲಿಗೂ ದಾರದಲ್ಲಿ ಕಟ್ಟಿದ ಚೀಟಿ. ಚೀಟಿಯಲ್ಲಿ ಹೆಸರು, ಸ್ಥಳ, ದಿನಾಂಕ. ತೂತು ಕಾಣಬೇಕಾದರೆ ಗರಿಗಳನ್ನು ಸರಿಸಿ ನೋಡಬೇಕು. ಹುಡುಗ ಆ ಖಾನೆಗಳ ಮುಂದೆ ನಿಂತವನು ಆಮೇಲೆ ಅಲ್ಲಿಂದ ಹೊರಗೆ ಬರಲೇ ಇಲ್ಲ ಎನ್ನಬಹುದು.

ದೊಡ್ಡವರಾದ ಮೇಲೂ ಅವರು ಕೋವಿಯನ್ನು ಕೆಳಗಿಡಲಿಲ್ಲ ಎಂಬುದನ್ನು ಹೇಳದೆ ಬಿಡುವುದು ಮೋಸವಾದೀತು. ಆ ಕಾಲದಲ್ಲಿ ಹಕ್ಕಿಗಳನ್ನು ಶಾಸ್ತ್ರಬದ್ಧವಾಗಿ ಗುರುತಿಸಲು ಮಾದರಿಗಳು ಬೇಕಾಗಿದ್ದವು. ಸಮೀಕ್ಷೆಯೆಂದರೆ ಹೊಡೆಯುವುದೂ ಚರ್ಮ ಸುಲಿಯುವುದೂ ಕೂಡಿದ ಕೆಲಸ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಅವರು ಈ ಸೀಮೆಗೂ ಬಂದರು. ಶ್ರೀರಂಗಪಟ್ಟಣದ ಬಳಿ, ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಮೂಡಿದ ನಡುಗಡ್ಡೆಗಳ ಮೇಲೆ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಗೂಡುಕಟ್ಟಿ ಮರಿಮಾಡುತ್ತಿದ್ದುದನ್ನು ಕಂಡು, ಈ ಜಾಗವನ್ನು ಕಾಪಾಡಬೇಕೆಂದು ಅರಸರಲ್ಲಿ ಬಿನ್ನವಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಂದು ದೋಣಿಯಲ್ಲಿ ಕುಳಿತ ಮಕ್ಕಳು ಕೈಚಾಚಿದರೆ ಎಟಕುವಂತಿರುವ ಗೂಡುಗಳನ್ನು ಅಲ್ಲಿ ನೋಡುತ್ತಾರೆ, ಹಕ್ಕಿಗಳು ಹಾರಿಹೋಗುವುದಿಲ್ಲ.

ಎಂಬತ್ತೆಂಟು ತುಂಬಿದ ಮೇಲೆ, 1985ರಲ್ಲಿ, ಸಲೀಂ ಅಲಿಯವರ ಆತ್ಮಕಥೆ ಇಂಗ್ಲಿಷಿನಲ್ಲಿ ಅಚ್ಚಾಯಿತು. ನಾಡಿನ ಬಿರುದುಗಳೆಲ್ಲ ಬಂದಿದ್ದವು. ಪುಸ್ತಕಕ್ಕೆ ಯಾವ ದೊಡ್ಡ ಹೆಸರನ್ನಾದರೂ ಇಡಬಹುದಾಗಿತ್ತು. ಅವರು ಇಟ್ಟ ಹೆಸರು 'ದಿ ಫಾಲ್ ಆಫ್ ಎ ಸ್ಪ್ಯಾರೊ' — ಒಂದು ಗುಬ್ಬಿ ಕೆಳಗೆ ಬಿದ್ದುದು ಎಂದು. ಲಾಯದ ಮೊಳೆಯ ಮೇಲಿನ ಆ ಟಿಪ್ಪಣಿಯನ್ನೂ ಅದರಲ್ಲಿ ಸೇರಿಸಿದ್ದಾರೆ. ಏಳು ದಿನ, ಎಂಟು ಗಂಡು ಗುಬ್ಬಿ. ಲೆಕ್ಕದಲ್ಲಿ ಒಂದನ್ನೂ ಕಡಮೆ ಮಾಡಿಲ್ಲ.